ಹಾಸನ: 6 ವರ್ಷದ ಕಾರಿಗೆ ಇನ್ಶೂರೆನ್ಸ್ ರಿನೀವಲ್, ಮೂರು ಕಡೆ ಮೂರು ರೇಟು. ಯಾವುದು ಬೇಕು, ಯಾವುದು ಬಿಡಬಹುದು?

ಪ್ರಶ್ನೆ: ಹೆತ್ತೂರು_ದಾರಿ

2019ರ ಪೆಟ್ರೋಲ್ ಕಾರು, 1197 ಸಿಸಿ, ಕೆಎ-13 ನೋಂದಣಿ. ಪಾಲಿಸಿ ಇದೇ 24ಕ್ಕೆ ಮುಗಿಯುತ್ತದೆ. ಈ ರಿನೀವಲ್‌ಗೆ ಸಿಗುವ ಎನ್‌ಸಿಬಿ (ಕ್ಲೈಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಶೇ 45. ಷೋರೂಮಿನವರು 14,200 ರೂಪಾಯಿ ಹೇಳಿದ್ದಾರೆ, ಐಡಿವಿ (ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಮೊತ್ತ) 4.1 ಲಕ್ಷ. ಏಜೆಂಟ್ ಹೇಳಿದ್ದು 10,600, ಐಡಿವಿ 3.8 ಲಕ್ಷ. ಆನ್‌ಲೈನ್‌ನಲ್ಲಿ 8,900, ಐಡಿವಿ 3.3 ಲಕ್ಷ.

ವಾರಕ್ಕೆ ಎರಡು ಸಲ ಸಕಲೇಶಪುರ ದಾಟಿ ಹೆತ್ತೂರು ಕಡೆ ತೋಟಕ್ಕೆ ಓಡಾಟ. ಅದರಲ್ಲಿ 3 ಕಿ.ಮೀ. ಮಣ್ಣಿನ ರಸ್ತೆ. ತಿಂಗಳಿಗೊಮ್ಮೆ ಚಾರ್ಮಾಡಿ ಘಾಟಿ ಇಳಿಯುವುದಿದೆ. ಕಾರು ನಿಲ್ಲುವುದು ಸಿಲ್ವರ್ ಓಕ್ ಮರಗಳ ಪಕ್ಕದಲ್ಲಿ. ಬರೀ ಥರ್ಡ್ ಪಾರ್ಟಿ (ಬೇರೆಯವರಿಗೆ ಆಗುವ ಹಾನಿಯ ವಿಮೆ) ಮಾಡಿಸಿದರೆ ಸಾಕೇ? ಜೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಕ್ಲೈಮ್ ಕೊಡುವುದು), ಇಂಜಿನ್ ಪ್ರೊಟೆಕ್ಟ್ (ನೀರು, ಆಯಿಲ್ ಸೋರಿಕೆಯಿಂದ ಇಂಜಿನ್ ಕೆಟ್ಟರೆ ಕೊಡುವುದು) ಎಲ್ಲ ಈ ವಯಸ್ಸಿನ ಕಾರಿಗೆ ಬೇಕೇ?

ಉತ್ತರ 1: ಪಾಲಿಸಿ_ಪುಟ2

ಮೂರೂ ಕೊಟೇಶನ್‌ಗಳ ಪಿಡಿಎಫ್ ತೆಗೆದು ಮೊದಲು ಥರ್ಡ್ ಪಾರ್ಟಿ ಸಾಲು ನೋಡಿ. ಮೂರರಲ್ಲೂ ಅದು ಒಂದೇ ಇರಬೇಕು. ಈ ದರವನ್ನು ಕಂಪನಿ ನಿಗದಿ ಮಾಡುವುದಿಲ್ಲ, ಸರ್ಕಾರ ಮಾಡುತ್ತದೆ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094, 1000ದಿಂದ 1500 ಸಿಸಿಗೆ 3,416, ಅದಕ್ಕೆ ಮೇಲ್ಪಟ್ಟರೆ 7,897 ರೂಪಾಯಿ. ನಿಮ್ಮದು 3,416, ಶೇ 18 ಜಿಎಸ್‌ಟಿ ಸೇರಿ 4,031. ಇಲ್ಲಿ ಯಾರೂ ಒಂದು ರೂಪಾಯಿ ಕಡಿಮೆ ಮಾಡಲಾರರು. ಚೌಕಾಸಿ ಏನಿದ್ದರೂ ಓನ್ ಡ್ಯಾಮೇಜ್ (ನಿಮ್ಮ ಕಾರಿಗೇ ಆಗುವ ಹಾನಿಯ ಭಾಗ) ಮತ್ತು ಆಡ್-ಆನ್‌ಗಳಲ್ಲಿ (ಹೆಚ್ಚುವರಿ ಕವರ್) ಮಾತ್ರ. ಎನ್‌ಸಿಬಿ ರಿಯಾಯಿತಿಯೂ ಓನ್ ಡ್ಯಾಮೇಜ್ ಮೇಲಷ್ಟೇ.

ಆನ್‌ಲೈನ್ ರೇಟು ಅಷ್ಟು ಇಳಿದಿರುವುದಕ್ಕೆ ಒಂದು ಕಾರಣ ಐಡಿವಿ. 5 ವರ್ಷದೊಳಗಿನ ಕಾರಿಗೆ ಐಡಿವಿ ಲೆಕ್ಕಕ್ಕೆ ನಿಗದಿತ ಸವಕಳಿ ಪಟ್ಟಿ ಇದೆ. 5 ವರ್ಷ ದಾಟಿದ ಮೇಲೆ ಅದು ನೀವು ಮತ್ತು ಕಂಪನಿ ಒಪ್ಪಿಕೊಂಡ ಮೊತ್ತ. ವೆಬ್‌ಸೈಟ್‌ಗಳು ತಾವೇ ಕನಿಷ್ಠ ಐಡಿವಿ ಹಾಕಿ ರೇಟು ಚಿಕ್ಕದಾಗಿ ಕಾಣುವಂತೆ ಮಾಡುತ್ತವೆ. ಅದರಿಂದ ನಿಜಕ್ಕೂ ಎಷ್ಟು ಉಳಿಯುತ್ತದೆ ನೋಡಿ. 4.1 ಲಕ್ಷದ ಐಡಿವಿಗೆ ಓನ್ ಡ್ಯಾಮೇಜ್ 6,000 ಎಂದಿಟ್ಟುಕೊಂಡರೆ 80,000 ರೂಪಾಯಿ ಐಡಿವಿ ಇಳಿಸಿದಾಗ ಪ್ರೀಮಿಯಂ ಸುಮಾರು 1,170 ಇಳಿಯುತ್ತದೆ. ಶೇ 45 ಎನ್‌ಸಿಬಿ ಹೇಗೂ ಇದೆ, ಹಾಗಾಗಿ ಉಳಿಯುವುದು 644. ಜಿಎಸ್‌ಟಿ ಸೇರಿಸಿದರೂ 760 ರೂಪಾಯಿ. ಇಷ್ಟಕ್ಕಾಗಿ ಕಾರು ಕಳುವಾದ ದಿನ 80,000 ಬಿಟ್ಟುಕೊಡುತ್ತೀರಿ. ಇನ್ನೂ ಒಂದಿದೆ: ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ನಷ್ಟ ಎಂಬ ಲೆಕ್ಕ. 4.1 ಲಕ್ಷಕ್ಕೆ ಆ ಗೆರೆ 3,07,500. 3.3 ಲಕ್ಷಕ್ಕೆ 2,47,500. ರಿಪೇರಿ ಆಗಬಹುದಾಗಿದ್ದ ಕಾರು ಕಡಿಮೆ ಐಡಿವಿಯಿಂದಾಗಿ ಗುಜರಿ ಲೆಕ್ಕಕ್ಕೆ ಹೋಗುತ್ತದೆ.

ಮೂರು ಕಡೆಯೂ 4 ಲಕ್ಷ ಐಡಿವಿ, ಅದೇ ಆಡ್-ಆನ್ ಹಾಕಿಸಿ ಮತ್ತೆ ರೇಟು ಕೇಳಿ. ಆಗ ಮಾತ್ರ ಹೋಲಿಕೆ ನ್ಯಾಯ. ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆ ಬೇರೆ ಪಾಲಿಸಿಯಲ್ಲಿ ನಿಮಗೆ ಈಗಾಗಲೇ ಇದ್ದರೆ ಇಲ್ಲಿ ಮತ್ತೆ ಕಟ್ಟಬೇಕಿಲ್ಲ, ಘೋಷಣೆ ಕೊಟ್ಟು ತೆಗೆಸಬಹುದು. ಇಲ್ಲದಿದ್ದರೆ ಅದನ್ನು ಖಂಡಿತ ತೆಗೆಸಬೇಡಿ.

ಬರೀ ಥರ್ಡ್ ಪಾರ್ಟಿ ಸಾಕೇ ಅಂದಿರಿ. ಧರೆ ಕುಸಿತ, ಮರ ಬೀಳುವುದು, ಪ್ರವಾಹ, ಕಳವು, ಬೆಂಕಿ ಇವೆಲ್ಲ ಬರುವುದು ಓನ್ ಡ್ಯಾಮೇಜ್ ಭಾಗದಲ್ಲಿ. ನೀವು ಹೇಳಿದ ದಾರಿಗೆ ಅದಿಲ್ಲದೆ ಹೋಗುವುದು ಸರಿಯಲ್ಲ. ಜೊತೆಗೆ, ಕಾಯ್ದೆಗಷ್ಟೇ ಸಾಕಾಗುವ ಪಾಲಿಸಿಯಲ್ಲಿ ಖಾಸಗಿ ಕಾರಿನ ಒಳಗೆ ಕೂತವರ ಪರಿಹಾರಕ್ಕೆ ತಕರಾರು ಬಂದು ಕೋರ್ಟು ಹತ್ತುವುದಿದೆ. ಥರ್ಡ್ ಪಾರ್ಟಿ, ಓನ್ ಡ್ಯಾಮೇಜ್ ಎರಡೂ ಇರುವ ಪ್ಯಾಕೇಜ್ ಪಾಲಿಸಿಯಲ್ಲಿ ಆ ತಲೆನೋವಿಲ್ಲ.

ಉತ್ತರ 2: ಸ್ಪ್ಯಾನರ್18

ಮೇಲಿನವರು ಹೇಳಿದ್ದು ಸರಿ. ಆದರೆ ನಿಮ್ಮ ಹತ್ತಿರ ಇರುವ ದೊಡ್ಡ ಆಸ್ತಿ ಆ ಶೇ 45. ಎನ್‌ಸಿಬಿ ಮೆಟ್ಟಿಲು ಹೀಗೆ: 20, 25, 35, 45, 50. ಒಂದು ಕ್ಲೈಮ್ ಮಾಡಿದರೆ ನೇರ ಸೊನ್ನೆಗೆ ಬೀಳುತ್ತದೆ.

ಓನ್ ಡ್ಯಾಮೇಜ್ 6,000 ಎಂದೇ ಇಟ್ಟುಕೊಳ್ಳಿ. ಈ ವರ್ಷ ಕ್ಲೈಮ್ ಇಲ್ಲದಿದ್ದರೆ ಮುಂದಿನ ವರ್ಷದಿಂದ ಶೇ 50, ಅಂದರೆ ಪ್ರತಿ ವರ್ಷ 3,000 ಕಟ್ಟುತ್ತೀರಿ. ಕ್ಲೈಮ್ ಮಾಡಿದರೆ ಕಟ್ಟುವುದು ಕ್ರಮವಾಗಿ 6,000, 4,800, 4,500, 3,900, 3,300. ವ್ಯತ್ಯಾಸ ಕೂಡಿಸಿದರೆ 7,500. ಜಿಎಸ್‌ಟಿ ಸೇರಿ 8,850. ಐಡಿವಿ ವರ್ಷ ವರ್ಷ ಇಳಿಯುವುದರಿಂದ ಇದು ಸ್ವಲ್ಪ ಕಮ್ಮಿಯಾದೀತು. ಆದರೂ ಒಂದು ಸಣ್ಣ ಕ್ಲೈಮಿನ ನಿಜವಾದ ಬೆಲೆ ಇದೇ.

ಈಗ ಒಂದು ಬಂಪರ್ ಬಿಲ್ ತೆಗೆದುಕೊಳ್ಳಿ. ಬಂಪರ್ 4,000, ಪೇಂಟ್ 3,500, ಕೂಲಿ 1,500, ಒಟ್ಟು 9,000. ಪ್ಲಾಸ್ಟಿಕ್, ರಬ್ಬರ್, ನೈಲಾನ್, ಟೈರ್, ಬ್ಯಾಟರಿಗೆ ಕಾರಿನ ವಯಸ್ಸು ಎಷ್ಟೇ ಇರಲಿ ಶೇ 50 ಸವಕಳಿ. ಬಂಪರಿನಲ್ಲಿ 2,000 ಹೋಯಿತು. ಪೇಂಟ್ ಬಿಲ್ಲಿನ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಶೇ 50 ಕಳೆಯುತ್ತಾರೆ, ಅದು 437. ಇದರ ಮೇಲೆ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ ಕಡ್ಡಾಯ ಕಡಿತ. ಕಂಪನಿ ಕೊಡುವುದು 5,563. ಜೀರೋ ಡೆಪ್ ಇದ್ದರೆ 8,000. ಎರಡೂ 8,850ಕ್ಕಿಂತ ಕಡಿಮೆಯೇ. ಹಾಗಾಗಿ ಈ ಬಿಲ್ಲನ್ನು ಕೈಯಿಂದ ಕಟ್ಟುವುದೇ ಲಾಭ. ಗ್ಯಾರೇಜಿನವರು "ಕ್ಲೈಮ್ ಹಾಕಿಬಿಡೋಣ ಸಾರ್" ಅಂದ ತಕ್ಷಣ ಒಪ್ಪಬೇಡಿ, ಮೊದಲು ಎಸ್ಟಿಮೇಟ್ ಬರೆಸಿಕೊಳ್ಳಿ.

ಹಾಗಾದರೆ ಜೀರೋ ಡೆಪ್ ಯಾಕೆ ಬೇಕು? ದೊಡ್ಡ ಹೊಡೆತಕ್ಕೆ. 5ರಿಂದ 10 ವರ್ಷದ ಕಾರಿನ ಲೋಹದ ಭಾಗಕ್ಕೂ ಶೇ 40 ಸವಕಳಿ ಇದೆ. ಗಾಜಿಗೆ ಇಲ್ಲ. ಮುಂಭಾಗ ಪೂರ್ತಿ ಜಜ್ಜಿದ 90,000ದ ಬಿಲ್ಲಿನಲ್ಲಿ ಬಿಡಿಭಾಗವೇ 60,000 ಇದ್ದರೆ ನಿಮ್ಮ ಜೇಬಿನಿಂದ 24,000ಕ್ಕೂ ಹೆಚ್ಚು ಹೋಗುತ್ತದೆ. 1,500 ಆಸುಪಾಸಿಗೆ ಸಿಕ್ಕರೆ ತೆಗೆದುಕೊಳ್ಳಿ. ಹಲವು ಕಂಪನಿಗಳು 5 ವರ್ಷ ದಾಟಿದ ಕಾರಿಗೆ ಕೊಡುವುದಿಲ್ಲ, ಕೊಟ್ಟರೂ ವರ್ಷಕ್ಕೆ ಎರಡೇ ಕ್ಲೈಮ್ ಎಂಬ ಮಿತಿ ಇರುತ್ತದೆ. ಅದನ್ನು ಬರಹದಲ್ಲಿ ನೋಡಿ.

ಎನ್‌ಸಿಬಿ ಸೇರಿದ್ದು ನಿಮಗೆ, ಕಾರಿಗಲ್ಲ. ಕಾರು ಮಾರಿದರೆ ಕಂಪನಿಯಿಂದ ರಿಟೆನ್ಶನ್ ಪತ್ರ (ಎನ್‌ಸಿಬಿ ಉಳಿಸಿಕೊಳ್ಳುವ ಪತ್ರ) ತೆಗೆದುಕೊಂಡು ಹೊಸ ಕಾರಿಗೆ ಹಾಕಿಸಬಹುದು. ಆನ್‌ಲೈನ್ ಫಾರ್ಮಿನಲ್ಲಿ "ಕಳೆದ ವರ್ಷ ಕ್ಲೈಮ್ ಇತ್ತೇ" ಎಂಬಲ್ಲಿ ಸುಳ್ಳು ಟಿಕ್ ಹಾಕಿದರೆ ಓನ್ ಡ್ಯಾಮೇಜ್ ಹಕ್ಕೇ ಹೋಗುತ್ತದೆ. ಏಜೆಂಟ್ ತುಂಬಿದರೂ ಜವಾಬ್ದಾರಿ ನಿಮ್ಮದೇ.

ಉತ್ತರ 3: ಕಲ್ಲು_ತಿರುವು

ಇಂಜಿನ್ ಪ್ರೊಟೆಕ್ಟ್ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮ ರಸ್ತೆಗೆ ಜೀರೋ ಡೆಪ್‌ಗಿಂತ ಇದೇ ಮುಖ್ಯ ಎಂದು ನನ್ನ ಅಭಿಪ್ರಾಯ.

ಮಣ್ಣಿನ ರಸ್ತೆಯಲ್ಲಿ ಮಳೆ ನೀರು ಕೊರೆದ ಚರಂಡಿಯ ನಡುವೆ ಕಲ್ಲು ಎದ್ದಿರುತ್ತದೆ. ಅದು ಆಯಿಲ್ ಸಂಪಿಗೆ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ತಾಗಿ ಬಿರುಕು ಬಿಟ್ಟರೆ ಆಯಿಲ್ ನಿಧಾನವಾಗಿ ಸೋರುತ್ತದೆ. ಸಂಪ್ ಒಡೆದದ್ದು ಅಪಘಾತ, ಅದಕ್ಕೆ ಸಾಧಾರಣ ಪಾಲಿಸಿಯೇ ಹಣ ಕೊಡುತ್ತದೆ. ಆದರೆ ಕೆಂಪು ಆಯಿಲ್ ದೀಪ ಹೊತ್ತಿದ ಮೇಲೂ ಓಡಿಸಿ ಇಂಜಿನ್ ಸೀಜ್ ಆದರೆ ಅದನ್ನು ನಂತರದ ನಷ್ಟ ಎಂದು ತಳ್ಳಿಹಾಕುತ್ತಾರೆ. ನೀರಿನ ಕಥೆಯೂ ಅದೇ. ಹಳ್ಳದ ನೀರಿನಲ್ಲಿ ಕಾರು ನಿಂತಾಗ ಇನ್ನೊಮ್ಮೆ ಸ್ಟಾರ್ಟ್ ಮಾಡಿದರೆ ಸಿಲಿಂಡರಿಗೆ ನೀರು ಎಳೆಯುತ್ತದೆ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜಿನ್ ಪ್ರೊಟೆಕ್ಟ್ ಇಲ್ಲದಿದ್ದರೆ ಇದಕ್ಕೆ ಬಿಡಿಗಾಸೂ ಬರುವುದು ಕಷ್ಟ.

ಕಾರು ನೀರಿನಲ್ಲಿ ನಿಂತರೆ ಕೀ ಆಫ್ ಮಾಡಿ, ಮತ್ತೆ ಕ್ರ್ಯಾಂಕ್ ಮಾಡಬೇಡಿ. ಇಳಿಯಲು ಸುರಕ್ಷಿತವಾಗಿದ್ದರೆ ನೀರಿನ ಮಟ್ಟ ಕಾಣುವಂತೆ ಫೋಟೋ ತೆಗೆಯಿರಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಟೋ ಮಾಡಿಸಿ. ಆಡ್-ಆನ್ ಇದ್ದರೂ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದ್ದು ಹಾನಿ ಅಂದಾಜು ಮಾಡುವ ಸರ್ವೇಯರಿಗೆ ಗೊತ್ತಾದರೆ ಕಿರಿಕಿರಿ.

ಟೋ ಅಂದೆನಲ್ಲ, ಸಾಧಾರಣ ಪಾಲಿಸಿಯಲ್ಲಿ ಎಳೆಸುವ ಖರ್ಚಿಗೆ ಒಂದು ಅಪಘಾತಕ್ಕೆ 1,500 ರೂಪಾಯಿ ಮಿತಿ. ಚಾರ್ಮಾಡಿ ಘಾಟಿಯ ಮೇಲಿನ ಕೊಟ್ಟಿಗೆಹಾರದಿಂದ ಹಾಸನಕ್ಕೆ ಅಷ್ಟರಲ್ಲಿ ಯಾವ ಟೋ ಗಾಡಿಯೂ ಬರುವುದಿಲ್ಲ. ರೋಡ್ ಸೈಡ್ ಅಸಿಸ್ಟೆನ್ಸ್ ಹಾಕಿಸುವ ಮುಂಚೆ ಎಷ್ಟು ಕಿ.ಮೀ. ಎಂದು ಕೇಳಿ. 25 ಕಿ.ಮೀ. ಅಂದರೆ ಘಾಟಿಯವರಿಗೆ ಉಪಯೋಗವಿಲ್ಲ. ಕ್ಯಾಶ್‌ಲೆಸ್ ಗ್ಯಾರೇಜ್ ಪಟ್ಟಿಯನ್ನೂ ಹಾಸನ, ಚಿಕ್ಕಮಗಳೂರು ಎರಡೂ ಊರಿನ ಹೆಸರಿನಲ್ಲಿ ಹುಡುಕಿ ನೋಡಿ. ಅಗ್ಗದ ಕಂಪನಿಗೆ ಎರಡೂ ಕಡೆ ಗ್ಯಾರೇಜ್ ಇಲ್ಲದಿದ್ದರೆ ಪೂರ್ತಿ ಬಿಲ್ ಮೊದಲು ನೀವೇ ಕಟ್ಟಬೇಕು.

ರಿಟರ್ನ್ ಟು ಇನ್‌ವಾಯ್ಸ್ (ಟೋಟಲ್ ಲಾಸ್ ಆದರೆ ಕಾರು ಕೊಂಡ ಬಿಲ್ಲಿನ ಬೆಲೆ ಕೊಡುವುದು), ಕೀ ರಿಪ್ಲೇಸ್‌ಮೆಂಟ್, ಟೈರ್ ಕವರ್: ನಿಮಗೆ ಬೇಡ.

ಹೆತ್ತೂರು_ದಾರಿ

ತುಂಬಾ ಸ್ಪಷ್ಟವಾಯಿತು, ಧನ್ಯವಾದ. ಇನ್ನೆರಡು ಪ್ರಶ್ನೆ. ಕೊಯ್ಲಿನ ಸಮಯದಲ್ಲಿ ಡಿಕ್ಕಿಯಲ್ಲಿ ಕಾಫಿ ಮೂಟೆ ಹಾಕುವುದು, ಪಕ್ಕದ ಹೋಂಸ್ಟೇ ಅತಿಥಿಗಳನ್ನು ಸ್ಟೇಷನ್ನಿಗೆ ಬಿಟ್ಟು ಅವರು ಕೊಟ್ಟ ಹಣ ತೆಗೆದುಕೊಳ್ಳುವುದು, ಇದರಿಂದ ಕ್ಲೈಮಿಗೆ ತೊಂದರೆಯೇ? ಮತ್ತೆ, ರಿನೀವಲ್ ಎರಡು ದಿನ ತಡವಾದರೆ?

ಉತ್ತರ 4: ಪಾಲಿಸಿ_ಪುಟ2

ಎರಡೂ ತೊಂದರೆಯೇ. ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಚಿಕ್ಕ ಅಕ್ಷರದ ಪ್ಯಾರಾ ಇದೆ, ಒಮ್ಮೆ ಓದಿ. ಬಾಡಿಗೆ ಅಥವಾ ಪ್ರತಿಫಲಕ್ಕೆ ಓಡಿಸುವುದು, ಸ್ಯಾಂಪಲ್ ಮತ್ತು ಸ್ವಂತ ಲಗೇಜ್ ಬಿಟ್ಟು ಬೇರೆ ಸರಕು ಸಾಗಿಸುವುದು ಖಾಸಗಿ ಕಾರಿನ ಪಾಲಿಸಿಯ ಹೊರಗೆ. ಬಿಳಿ ಬೋರ್ಡಿನಲ್ಲಿ ಹಣ ಪಡೆದು ಕರೆದೊಯ್ಯುವಾಗ ಅಪಘಾತವಾದರೆ ಪ್ರಯಾಣಿಕರ ಒಂದು ಹೇಳಿಕೆ ಸಾಕು, ಕ್ಲೈಮ್ ನಿಲ್ಲುತ್ತದೆ. ಗಾಯಾಳುಗಳಿಗೆ ಪರಿಹಾರ ಕೊಟ್ಟು ಕಂಪನಿ ಆ ಹಣವನ್ನು ನಿಮ್ಮಿಂದಲೇ ವಸೂಲಿಗೆ ಬರಬಹುದು. 1,000 ರೂಪಾಯಿ ಬಾಡಿಗೆಗೆ ತೋಟ ಅಡವಿಡುವಂಥ ಕೆಲಸ, ದಯವಿಟ್ಟು ಬಿಡಿ. ಅತಿಥಿಗಳಿಗೆ ಹಳದಿ ಬೋರ್ಡ್ ಗಾಡಿ, ಮೂಟೆಗೆ ಪಿಕಪ್.

ಮೋಟಾರ್ ಪಾಲಿಸಿಗೆ ರಿಯಾಯಿತಿ ದಿನ ಇಲ್ಲ. 24ರ ಮಧ್ಯರಾತ್ರಿ ಮುಗಿದರೆ 25ರ ಬೆಳಗ್ಗೆ ನೀವು ವಿಮೆಯಿಲ್ಲದೆ ರಸ್ತೆಯಲ್ಲಿದ್ದೀರಿ. ಮೊದಲ ಸಲಕ್ಕೆ ದಂಡ 2,000, ಮತ್ತೆ ಸಿಕ್ಕರೆ 4,000, ಜೈಲಿಗೂ ಅವಕಾಶವಿದೆ. ತಡವಾದರೆ ಕಾರಿನ ಫೋಟೋ ಅಥವಾ ವಿಡಿಯೊ ತಪಾಸಣೆ ಮುಗಿದ ಮೇಲಷ್ಟೇ ಓನ್ ಡ್ಯಾಮೇಜ್ ಕೊಡುತ್ತಾರೆ, ಹಳೆಯ ಗೀರುಗಳನ್ನು ಹೊರಗಿಡುತ್ತಾರೆ. 90 ದಿನ ದಾಟಿದರೆ ಎನ್‌ಸಿಬಿಯೂ ಹೋಗುತ್ತದೆ. ಈಗಲೇ ಕಟ್ಟಿದರೂ ಹೊಸ ಪಾಲಿಸಿ ಶುರುವಾಗುವುದು ಹಳೆಯದು ಮುಗಿದ ಮೇಲೆಯೇ, ಒಂದು ದಿನವೂ ನಷ್ಟವಿಲ್ಲ. ಕಟ್ಟಿದ ಮೇಲೆ ಇಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿ ಜೊತೆ ತಾಳೆ ನೋಡಿ.

ಉತ್ತರ 5: ಸರ್ವೆ_ಸಾಲು

ಕ್ಲೈಮ್ ದಿನದ ಕ್ರಮ ಹೇಳಿಬಿಡುತ್ತೇನೆ, ಬಹಳ ಜನ ಇಲ್ಲೇ ಕಳೆದುಕೊಳ್ಳುತ್ತಾರೆ. ಸಿಲ್ವರ್ ಓಕ್ ಕೊಂಬೆ ಕಾರಿನ ಮೇಲೆ ಬಿತ್ತು ಅನ್ನಿ. ಆಳು ಕರೆಸಿ ಕೊಂಬೆ ಕತ್ತರಿಸುವ ಮುಂಚೆ ಫೋಟೋ ತೆಗೆಯಿರಿ: ನಂಬರ್ ಪ್ಲೇಟ್ ಮತ್ತು ಕೊಂಬೆ ಒಂದೇ ಚಿತ್ರದಲ್ಲಿ, ನಾಲ್ಕೂ ಮೂಲೆ, ಮರ ಮುರಿದ ಜಾಗ. ಘಾಟಿಯಲ್ಲಿ ಕಲ್ಲು ಉರುಳಿದ್ದರೆ ಜನ ಸುರಕ್ಷಿತವಾದ ಮೇಲಷ್ಟೇ ಇದೆಲ್ಲ. ಅವತ್ತೇ ಕಂಪನಿಗೆ ತಿಳಿಸಿ ಕ್ಲೈಮ್ ನಂಬರ್ ಬರೆದುಕೊಳ್ಳಿ. ಯಾರಿಗಾದರೂ ಗಾಯ, ಬೇರೆಯವರ ಆಸ್ತಿಗೆ ಹಾನಿ ಅಥವಾ ಕಳವು ಆದರೆ ಪೊಲೀಸ್ ದೂರು ಬೇಕೇ ಬೇಕು. ಸರ್ವೆ ಮುಗಿಯುವವರೆಗೆ ಬಿಚ್ಚಿಸಬೇಡಿ. ಬಿಚ್ಚಿದ ಮೇಲೆ ಒಳಗೆ ಹೊಸ ಹಾನಿ ಕಂಡರೆ ಪೂರಕ ಎಸ್ಟಿಮೇಟ್ ಕಳಿಸಲು ಗ್ಯಾರೇಜಿಗೆ ಹೇಳಿ, ಇಲ್ಲದಿದ್ದರೆ ಅದು ನಿಮ್ಮ ಖರ್ಚು. ಹೇಳಿಕೆಯಲ್ಲಿ ನಡೆದದ್ದನ್ನೇ ಬರೆಯಿರಿ. ಓಡಿಸುತ್ತಿದ್ದವರ ಹೆಸರು ಬದಲಿಸುವುದು ಕ್ಲೈಮ್ ಕೈತಪ್ಪುವ ಸುಲಭದ ದಾರಿ.

ತಿರಸ್ಕರಿಸಿದರೆ ಕಾರಣ ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಮತ್ತು 155255 ಸಂಖ್ಯೆಯೂ ಇದೆ.

ಹೆತ್ತೂರು_ದಾರಿ

4 ಲಕ್ಷ ಐಡಿವಿ, ಜೀರೋ ಡೆಪ್, ಇಂಜಿನ್ ಪ್ರೊಟೆಕ್ಟ್, 100 ಕಿ.ಮೀ. ಟೋ ಇರುವ ಅಸಿಸ್ಟೆನ್ಸ್. ಇಷ್ಟು ಬರೆದು ಮೂವರಿಗೂ ಕಳಿಸಿದ್ದೇನೆ, 20ರೊಳಗೆ ಕಟ್ಟುತ್ತೇನೆ. ಮೂಟೆಗೆ ಪಿಕಪ್ ಹೇಳಿದ್ದಾಯಿತು.