ಆರನೆಯ ತರಗತಿಯ ದಶಾಂಶ ಪಾಠ: ಕಲಿಕೆ ಉಳಿದಿದೆಯೇ ಎಂದು ಅಳೆಯುವುದು ಹೇಗೆ?

ಯು.ಪಿ. ಗಣಿತ, ಮಂಜೇಶ್ವರ

ಕೇರಳದ ಆರನೆಯ ತರಗತಿಯ ಹೊಸ ಗಣಿತ ಪುಸ್ತಕ 2025ರಲ್ಲಿ ಬಂದಿದೆ. ದಶಾಂಶ ಪಾಠ ಮುಗಿದ ಕೂಡಲೇ ಯೂನಿಟ್ ಟೆಸ್ಟ್ ಕೊಟ್ಟರೆ ಕೂಡಿಸುವುದು, ಕಳೆಯುವುದು ಹೆಚ್ಚಿನ ಮಕ್ಕಳಿಗೆ ಬರುತ್ತದೆ. ತಿಂಗಳು ಕಳೆದ ಮೇಲೆ ಅವರಲ್ಲೇ ಹಲವರು 3.7ಕ್ಕಿಂತ 3.45 ದೊಡ್ಡದು ಅನ್ನುತ್ತಾರೆ, 0.3 × 0.2 = 0.6 ಎಂದು ಬರೆಯುತ್ತಾರೆ. ದೋಷ ಪಾಠದ ಕ್ರಮದಲ್ಲೋ, ಕಲಿಸುವುದರಲ್ಲೋ, ಪ್ರಶ್ನೆಪತ್ರಿಕೆಯಲ್ಲೋ? ಕ್ಲಸ್ಟರ್ ಸಭೆಯಲ್ಲಿ (ಸುತ್ತಲಿನ ಶಾಲೆಗಳ ಅಧ್ಯಾಪಕರ ಸಭೆ) ಆಧಾರ ಇಟ್ಟುಕೊಂಡು ಮಾತಾಡಬೇಕಾದರೆ ಏನೆಲ್ಲ ಸಂಗ್ರಹಿಸಬೇಕು?

ಅಂಕಗಣಿತ, ಕುಂಬಳೆ

ಸರ್, ಮೊದಲು ಪ್ರಶ್ನೆಪತ್ರಿಕೆಯನ್ನೇ ನೋಡಿ. 2.35, 2.53 ಇವುಗಳಲ್ಲಿ ದೊಡ್ಡದು ಯಾವುದು ಎಂದು ಕೇಳಿದರೆ ಬಿಂದುವನ್ನು ಮರೆತು 235, 253 ಎಂದು ಓದಿದ ಮಗುವಿಗೂ ಸರಿಯುತ್ತರ ಸಿಗುತ್ತದೆ. ಬಿಂದುವಿನ ನಂತರದ ಅಂಕಿಗಳು ಎರಡರಲ್ಲೂ ಅಷ್ಟೇ ಇರುವ ಜೋಡಿಗಳಿಂದ ಏನೂ ತಿಳಿಯುವುದಿಲ್ಲ.

ಎರಡು ಬಗೆಯ ಜೋಡಿಗಳನ್ನು ತಲಾ ನಾಲ್ಕು ಕೊಡಿ. ಮೊದಲ ಬಗೆಯಲ್ಲಿ ಉದ್ದದ ಸಂಖ್ಯೆ ಸಣ್ಣದು: 3.7 ಮತ್ತು 3.45, 0.8 ಮತ್ತು 0.62. ಎರಡನೆಯದರಲ್ಲಿ ಉದ್ದದ್ದೇ ದೊಡ್ಡದು: 2.816 ಮತ್ತು 2.53, 4.67 ಮತ್ತು 4.3. 'ಅಂಕಿ ಹೆಚ್ಚಿದ್ದರೆ ದೊಡ್ಡದು' ಎಂದುಕೊಂಡ ಮಗುವಿಗೆ ಮೊದಲ ನಾಲ್ಕೂ ತಪ್ಪು, ಕೊನೆಯ ನಾಲ್ಕೂ ಸರಿ. ನೂರರಲ್ಲೊಂದು ಹತ್ತರಲ್ಲೊಂದಕ್ಕಿಂತ ಚಿಕ್ಕದು, ಆದ್ದರಿಂದ ಉದ್ದದ ಸಂಖ್ಯೆ ಯಾವಾಗಲೂ ಚಿಕ್ಕದು ಎಂದುಕೊಂಡವರದು ಇದರ ತಿರುವುಮುರುವು. ಇಬ್ಬರಿಗೂ 8ರಲ್ಲಿ 4 ಅಂಕ! ತರಗತಿಯ ಸರಾಸರಿ ನೋಡಿದರೆ ಇಬ್ಬರೂ ಒಂದೇ. ಆದರೆ ಇಬ್ಬರಿಗೂ ಬೇಕಾದ ಪಾಠ ಬೇರೆ ಬೇರೆ. ಹಾಗಾಗಿ ಒಟ್ಟು ಅಂಕ ಬೇಡ, ಪ್ರತಿ ಮಗುವಿನ ಸರಿ-ತಪ್ಪಿನ ಸಾಲನ್ನು ಬರೆದಿಡಿ.

ಒಂದು ಬಗೆಗೆ ನಾಲ್ಕು ಜೋಡಿ ಏಕೆಂದರೆ, ಒಂದೇ ಜೋಡಿಯಾದರೆ ಊಹಿಸಿಯೂ ಅರ್ಧದಷ್ಟು ಮಕ್ಕಳು ಸರಿಮಾಡುತ್ತಾರೆ. ನಾಲ್ಕೂ ಊಹೆಯಿಂದ ಸರಿಯಾಗುವ ಸಂಭವ 16ರಲ್ಲಿ 1. ಜೋಡಿಗಳನ್ನು ಕಲಸಿ ಕೊಡಿ, ದೊಡ್ಡ ಸಂಖ್ಯೆ ಎಡಕ್ಕೂ ಬಲಕ್ಕೂ ಬರಲಿ. 6.3, 6.30 ಎಂಬ ಸಮಾನ ಜೋಡಿಯನ್ನೂ ಸೇರಿಸಬಹುದು. ಆರೇಳು ವಾರದ ನಂತರ, ಮೊದಲೇ ತಿಳಿಸದೆ, ಸಂಖ್ಯೆ ಬದಲಿಸಿ ಇದೇ ರಚನೆಯ ಪ್ರಶ್ನೆಗಳನ್ನು ಮತ್ತೆ ಕೊಡಿ.

ಬದಿಯಡ್ಕ ಟೀಚರ್

ಕುಂಬಳೆಯ ಸರ್ ಹೇಳಿದ್ದು ಸರಿ, ಆದರೆ ಅದರಿಂದ ಪುಸ್ತಕದ ಮೇಲೆ ತೀರ್ಪು ಕೊಡಲಾಗದು. ಪುಸ್ತಕದಲ್ಲಿ ಇರುವುದು, ತರಗತಿಯಲ್ಲಿ ನಡೆದದ್ದು, ಮಗುವಿನಲ್ಲಿ ಉಳಿದದ್ದು ಈ ಮೂರನ್ನು ಬೇರೆ ಬೇರೆ ದಾಖಲಿಸಬೇಕು. ಯಾವ ಚಟುವಟಿಕೆಗೆ ಎಷ್ಟು ಪೀರಿಯಡ್ ಹೋಯಿತು, ಯಾವುದನ್ನು ಬಿಟ್ಟಿರಿ ಎಂದು ಟೀಚಿಂಗ್ ಮ್ಯಾನುವಲ್‌ನ (ನಿಮ್ಮ ಪಾಠಯೋಜನೆಯ ಪುಸ್ತಕ) ಅಂಚಿನಲ್ಲೇ ಬರೆಯಿರಿ. ಸಂಖ್ಯಾರೇಖೆಯ ಚಟುವಟಿಕೆಯನ್ನು ಮಾಡಿಸದೇ ಇದ್ದರೆ ಫಲಿತಾಂಶದ ಹೊಣೆ ಪುಸ್ತಕದ್ದಲ್ಲ.

ಚಿಕ್ಕ ತರಗತಿಯಲ್ಲಿ ನಾಲ್ಕೈದು ಮಕ್ಕಳಿಂದಲೇ ಚಿತ್ರ ಬದಲಾಗುತ್ತದೆ. ಮೂರ್ನಾಲ್ಕು ಶಾಲೆಗಳ ಹಾಳೆಗಳನ್ನು ಒಟ್ಟುಮಾಡಿ. ಕನ್ನಡ, ಮಲಯಾಳ ಎರಡೂ ಮಾಧ್ಯಮದ ಡಿವಿಷನ್ ಇರುವ ಶಾಲೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಬರೀ ಸಂಖ್ಯೆಗಳ ಜೋಡಿಯಲ್ಲಿ ಎರಡೂ ಕಡೆ ಒಂದೇ ಬಗೆಯ ತಪ್ಪು ಇದ್ದು, ವಾಕ್ಯದ ಲೆಕ್ಕಗಳಲ್ಲಿ ಮಾತ್ರ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಹಿಂದೆ ಬಿದ್ದರೆ, ವಾಕ್ಯಗಳು ಉದ್ದವಾಗಿವೆಯೇ ಎಂದು ಮೊದಲು ನೋಡಬೇಕು.

ಯು.ಪಿ. ಗಣಿತ, ಮಂಜೇಶ್ವರ

ಇಬ್ಬರಿಗೂ ವಂದನೆಗಳು. ದಶಾಂಶವನ್ನು ದುಡ್ಡಿನ ಲೆಕ್ಕದಿಂದ ಶುರುಮಾಡುವುದು ಸುಲಭ ಅಲ್ಲವೇ? ಮಕ್ಕಳಿಗೆ ಪರಿಚಯದ್ದು.

ಅಂಕಗಣಿತ, ಕುಂಬಳೆ

ಪರಿಚಯದ್ದು ಹೌದು, ತೊಡಕು ಹುಟ್ಟುವುದೂ ಅಲ್ಲೇ. 3.50 ರೂಪಾಯಿಯನ್ನು ಮಗು 3 ರೂಪಾಯಿ, 50 ಪೈಸೆ ಎಂಬ ಎರಡು ಬೇರೆ ಸಂಖ್ಯೆಗಳಾಗಿ ಓದುತ್ತದೆ. ಮುಂದೆ 3.5 ಅಂದರೆ 3 ರೂಪಾಯಿ 5 ಪೈಸೆ ಆಗಿಬಿಡುತ್ತದೆ, ಎರಡು ಸ್ಥಾನದ ಆಚೆಗೆ ಸಂಖ್ಯೆಗಳೇ ಇಲ್ಲ ಅನ್ನಿಸುತ್ತದೆ. ಇಂಥವರು 4.45 ಮತ್ತು 4.4502 ಸಮ ಎಂದಾರು; ಈ ಜೋಡಿಯನ್ನೂ ಟೆಸ್ಟಿಗೆ ಹಾಕಿ.

ನನ್ನ ಅಭಿಪ್ರಾಯದಲ್ಲಿ ಉದ್ದದ ಅಳತೆಯೇ ಮೊದಲು ಬರಬೇಕು. ಒಂದು ಮೀಟರ್ ಕಾಗದದ ಪಟ್ಟಿಯನ್ನು ಹತ್ತು ಸಮಭಾಗ ಮಾಡಿಸಿ, ಅದರಲ್ಲಿ ಒಂದು ಭಾಗವನ್ನು ಮತ್ತೆ ಹತ್ತು. 0.7 ಅಂದರೆ ಏಳು ದೊಡ್ಡ ಭಾಗ, 0.45 ಅಂದರೆ ನಾಲ್ಕು ದೊಡ್ಡದು, ಐದು ಸಣ್ಣದು ಎಂದು ಕೈಯಲ್ಲೇ ಕಾಣುತ್ತದೆ. ದುಡ್ಡು ಆಮೇಲೆ ಬರಲಿ.

0.3 × 0.2ರಂಥ ಗುಣಾಕಾರಕ್ಕೆ 10 × 10 ಚೌಕಗಳ ಹಾಳೆ. ಮೂರು ಕಂಬಸಾಲಿಗೆ ಒಂದು ಬಣ್ಣ, ಎರಡು ಅಡ್ಡಸಾಲಿಗೆ ಇನ್ನೊಂದು ಬಣ್ಣ. ಎರಡೂ ಬಣ್ಣ ಬಿದ್ದ ಚೌಕಗಳು 100ರಲ್ಲಿ 6, ಅಂದರೆ 0.06. ಬಿಂದುವಿನ ನಂತರದ ಸ್ಥಾನಗಳನ್ನು ಎಣಿಸುವ ಸೂತ್ರವನ್ನು ಅಲ್ಲಿಯ ತನಕ ಹೇಳಬೇಡಿ.