ಬಾಗಿಲಲ್ಲಿ ಕೂರಿಸುವ 'ಕ್ಯಾಟ್ ಫ್ಲ್ಯಾಪ್': ಕಿಂಡಿಯೋ, ಕದವೋ, ದಿಡ್ಡಿಯೋ?

ಗೆಳೆಯರೇ,

ಬೆಕ್ಕು ತನ್ನಷ್ಟಕ್ಕೆ ಒಳಗೆ ಹೊರಗೆ ಓಡಾಡಲಿ ಅಂತ ಬಾಗಿಲಿನ ಕೆಳಭಾಗದಲ್ಲಿ ಒಂದು ಪುಟ್ಟ ತೂಗುಬಾಗಿಲು ಕೂರಿಸುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನೋಣ? ಕ್ಯಾಟ್ ಫ್ಲ್ಯಾಪ್ ಅಂತಲೇ ಬಿಟ್ಟರೂ ತಪ್ಪೇನಿಲ್ಲ, ಮಾತಿನಲ್ಲಿ ಅದು ನಡೆಯುತ್ತದೆ. ಆದರೆ ಅದನ್ನು ಕೂರಿಸುವ ಬಗೆ ಹೇಳುವ ಒಂದು ಕೈಪಿಡಿಯನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಈ ಒಂದೇ ಪದದಿಂದ ಕೆಲಸ ಸಾಗುತ್ತಿಲ್ಲ.

ಯಾಕೆ ಅಂತ ಒಂದು ವಾಕ್ಯದಿಂದಲೇ ತೋರಿಸುತ್ತೇನೆ. "ಕ್ಯಾಟ್ ಫ್ಲ್ಯಾಪ್ ನೆಲದಿಂದ 15 ಸೆಂಟಿಮೀಟರ್ ಮೇಲಿರಲಿ." ಓದಲಿಕ್ಕೆ ಸಲೀಸಾಗಿದೆ. ಪೆನ್ಸಿಲ್ ಹಿಡಿದು ಬಾಗಿಲ ಮುಂದೆ ಕೂತವರಿಗೆ ಮಾತ್ರ ಇದು ಸಾಲದು. ನೆಲದಿಂದ ಅಳೆಯಬೇಕಾದ್ದು ಯಾವುದನ್ನು? ಚೌಕಟ್ಟಿನ ಕೆಳ ಅಂಚನ್ನೋ, ಮರದಲ್ಲಿ ಮಾಡುವ ತೆರಪಿನ ಕೆಳ ಅಂಚನ್ನೋ, ತೂಗುವ ಪ್ಲಾಸ್ಟಿಕ್ ಹಲಗೆಯ ಕೆಳ ಅಂಚನ್ನೋ? ಮೂರೂ ಬೇರೆ ಬೇರೆ ಎತ್ತರದಲ್ಲಿರುತ್ತವೆ. ಚೌಕಟ್ಟು ತೆರಪಿಗಿಂತ ದೊಡ್ಡದು, ಕೊಯ್ದ ಅಂಚು ಕಾಣದ ಹಾಗೆ ಸುತ್ತ ಮುಚ್ಚಿಕೊಳ್ಳುತ್ತದೆ. ಹಲಗೆ ತೆರಪಿಗಿಂತ ಚಿಕ್ಕದು, ಇಲ್ಲದಿದ್ದರೆ ಅದು ಆಡುವುದೇ ಇಲ್ಲ. ಬೆಕ್ಕಿನ ಲೆಕ್ಕದಲ್ಲಿ ಮುಖ್ಯವಾದದ್ದು ಅದು ಕಾಲೆತ್ತಿ ದಾಟುವ ಅಂಚು. ಅದು ಹೆಚ್ಚುಕಮ್ಮಿ ಹೊಟ್ಟೆಯ ಮಟ್ಟಕ್ಕಿರಬೇಕು. ಮೇಲಾದರೆ ಪ್ರತಿ ಸಲವೂ ನೆಗೆಯಬೇಕು, ಕೆಳಗಾದರೆ ತೆವಳಬೇಕು. ಗರಗಸದ ಲೆಕ್ಕದಲ್ಲಿ ಮುಖ್ಯವಾದದ್ದು ತೆರಪಿನ ಅಂಚು. ಮರವನ್ನು ಒಮ್ಮೆ ಕೊಯ್ದ ಮೇಲೆ ಮತ್ತೆ ಕೂಡಿಸಲಿಕ್ಕಾಗುವುದಿಲ್ಲ. ಹಾಗಾಗಿ ತೆರಪಿಗೊಂದು ಪದ, ಹಲಗೆಗೊಂದು ಪದ, ಇಡೀ ಸಾಧನಕ್ಕೊಂದು ಪದ ಬೇಕೇ ಬೇಕು ಅನ್ನುವುದು ನನ್ನ ಅನಿಸಿಕೆ.

ಮೊದಲಿಗೆ ತೆರಪು. ಇದಕ್ಕೆ 'ಕಿಂಡಿ' ಚೆನ್ನಾಗಿ ಒಪ್ಪುತ್ತದೆ. ಗಾಳಿ ಬೆಳಕಿಗೆ ಬಿಟ್ಟ ಸಣ್ಣ ತೆರಪು ಅನ್ನುವ ಅರ್ಥ ಎಲ್ಲರಿಗೂ ಗೊತ್ತು. ಕಿಂಡಿಯಲ್ಲಿ ಇಣುಕುತ್ತೇವೆ, ತೂರಿ ಹೋಗುವುದಿಲ್ಲ ಅಂತ ಯಾರಾದರೂ ಅನ್ನಬಹುದು. ಮನುಷ್ಯರ ಮಟ್ಟಿಗೆ ಸರಿ. ಬೆಕ್ಕಿಗೆ ಮೀಸೆ ಹೊಕ್ಕರೆ ಮೈಯೂ ಹೋಗುತ್ತದೆ ಅಲ್ವಾ? 'ತೂತು' ಅಂದರೆ ಸಾಲದೇ ಅಂತಲೂ ಕೇಳಬಹುದು. ಸಾಲದು, ಅದಕ್ಕೆ ಕಾರಣ ಕೆಲಸದಲ್ಲೇ ಇದೆ. ಕೊಯ್ಯಬೇಕಾದ ಆಕಾರ ತೋರಿಸುವ ಅಚ್ಚುಕಾಗದವನ್ನು ಬಾಗಿಲಿಗೆ ಅಂಟಿಸಿ ಗುರುತು ಹಾಕಿಕೊಂಡ ಮೇಲೆ, ಗುರುತಿನ ಒಳಗೆ ನಾಲ್ಕು ಮೂಲೆಗಳಲ್ಲಿ ಡ್ರಿಲ್‌ನಿಂದ ಒಂದೊಂದು ಸಣ್ಣ ತೂತು ಮಾಡುತ್ತಾರೆ. ಆ ತೂತಿಗೆ ಜಿಗ್ ಸಾ ಎಂಬ ಯಂತ್ರ ಗರಗಸದ ಕಿರಿದಾದ ಬ್ಲೇಡನ್ನು ತೂರಿಸಿ, ಅಲ್ಲಿಂದ ಗೆರೆಯ ಗುಂಟ ಕೊಯ್ಯುತ್ತಾ ಹೋಗುತ್ತಾರೆ. ಆಮೇಲೆ ಚೌಕಟ್ಟನ್ನು ಬಿಗಿಯುವ ಸ್ಕ್ರೂಗಳಿಗೆ ಬೇರೆ ತೂತುಗಳು. ಎಲ್ಲವನ್ನೂ ತೂತು ಅಂದರೆ ಓದುವವರು ಕಂಗಾಲಾಗುತ್ತಾರೆ. ಡ್ರಿಲ್ ಮಾಡುವುದು ತೂತು, ಬೆಕ್ಕು ದಾಟುವುದು ಕಿಂಡಿ. ಕ್ರಿಯಾಪದಗಳನ್ನೂ ಹೀಗೇ ಹಂಚಿಕೊಂಡಿದ್ದೇನೆ: ತೂತು ಕೊರೆಯಿರಿ, ಕಿಂಡಿ ಕೊಯ್ಯಿರಿ. ಮರ ಕೊಯ್ಯುವುದು ಅನ್ನುವ ಮಾತು ನಮ್ಮಲ್ಲಿ ಮೊದಲಿನಿಂದಲೂ ಇದೆ. 'ಕತ್ತರಿಸಿ' ಅಂದರೆ ಕಾಗದದ ನೆನಪು ಬರುತ್ತದೆ.

ಇನ್ನು ತೂಗುವ ಹಲಗೆ. ಇದು ನನ್ನನ್ನು ಜಾಸ್ತಿ ಕಾಡಿದೆ. 'ಮುಚ್ಚಳ' ಅಂದುಕೊಂಡು ನೋಡಿದೆ, ಅದನ್ನು ಕೈಯಿಂದ ತೆಗೆದು ಹಾಕಬೇಕು. ಇದು ಮೇಲಿನ ಅಂಚಿನಿಂದ ತೂಗುತ್ತದೆ, ತಲೆ ತಾಗಿದರೆ ತೆರೆದುಕೊಳ್ಳುತ್ತದೆ, ಬಿಟ್ಟರೆ ತಾನಾಗಿ ಹಿಂದಕ್ಕೆ ಬರುತ್ತದೆ. 'ಪರದೆ'ಯಲ್ಲಿ ಬಟ್ಟೆಯ ಅರ್ಥವೇ ಮುಂದೆ ನಿಲ್ಲುತ್ತದೆ. 'ರೆಪ್ಪೆ' ನನಗೆ ತುಂಬಾ ಹಿಡಿಸಿತ್ತು. ಮೇಲಿನಿಂದ ಇಳಿದು ಮುಚ್ಚುವ, ತೆಳ್ಳಗಿನ, ತಾನಾಗಿ ಆಡುವ ವಸ್ತುವಿಗೆ ಅದಕ್ಕಿಂತ ಚೆಂದದ ಹೆಸರಿಲ್ಲ. ಆದರೆ ಬೆಕ್ಕನ್ನು ರೂಢಿ ಮಾಡಿಸುವ ಭಾಗದಲ್ಲಿ ಹೀಗೊಂದು ಸೂಚನೆ ಬರುತ್ತದೆ: ಮೊದಲ ಕೆಲವು ದಿನ ಹಲಗೆಯನ್ನು ಮೇಲಕ್ಕೆತ್ತಿ ಟೇಪ್ ಅಂಟಿಸಿ, ಬೆಕ್ಕು ತೆರೆದ ಕಿಂಡಿಯಲ್ಲಿ ಹೋಗಿ ಬಂದು ಮಾಡಲಿ. ಇಲ್ಲಿ "ರೆಪ್ಪೆಯನ್ನು ಮೇಲಕ್ಕೆತ್ತಿ ಟೇಪ್ ಅಂಟಿಸಿ" ಅಂತ ಬರೆಯಲು ಸಾಧ್ಯವೇ? ಬೆಕ್ಕಿನ ವಿಷಯ ಓದುತ್ತಿರುವವರಿಗೆ ಮೊದಲು ಹೊಳೆಯುವುದು ಬೆಕ್ಕಿನ ಕಣ್ಣೇ. ಈ ಒಂದು ವಾಕ್ಯದ ಸಲುವಾಗಿ ರೆಪ್ಪೆಯನ್ನು ಬಿಡಬೇಕಾಯಿತು.

ಕೊನೆಗೆ ನಿಂತದ್ದು 'ಕದ'. ಕನ್ನಡದಲ್ಲಿ ಬಾಗಿಲು ಮತ್ತು ಕದ ಪೂರ್ತಿ ಒಂದೇ ಅಲ್ಲ ಅನ್ನುವುದನ್ನು ನಾವು ಮರೆಯುತ್ತಾ ಬಂದಿದ್ದೇವೆ ಅನಿಸುತ್ತದೆ. "ಬಾಗಿಲಲ್ಲಿ ನಿಂತಿದ್ದಾನೆ" ಅಂದಾಗ ಬಾಗಿಲು ಅಂದರೆ ದಾಟುವ ಜಾಗ. "ಜೋಡಿ ಕದದ ಬಾಗಿಲು" ಅಂದಾಗ ಜಾಗ ಒಂದು, ಹಲಗೆ ಎರಡು. ಬಾಗಿಲು ಎಂಬ ಪದದೊಳಗೇ 'ಬಾಯಿ' ಇದೆ, ತಮಿಳಿನ 'ವಾಯಿಲ್' ನೋಡಿದರೆ ಅದು ಇನ್ನೂ ಸ್ಪಷ್ಟ. ಬಾಯಿ ತೆರಪಿಗೆ, ಕದ ಅದನ್ನು ಮುಚ್ಚುವ ಹಲಗೆಗೆ. ಈಗಿನ ಮಾತಿನಲ್ಲಿ ಬಾಗಿಲು ಎರಡೂ ಕೆಲಸ ಮಾಡುವುದರಿಂದ ಕದ ಸ್ವಲ್ಪ ಬಿಡುವಾಗಿದೆ. ಹಾಗಿದ್ದರೆ ಮನೆಯ ದೊಡ್ಡ ಬಾಗಿಲನ್ನು ಕೈಪಿಡಿಯುದ್ದಕ್ಕೂ 'ಬಾಗಿಲು' ಅನ್ನೋಣ, ತೂಗುವ ಹಲಗೆಯನ್ನು ಮಾತ್ರ 'ಕದ' ಅನ್ನೋಣ. ಹೊಸ ಪದ ಕಟ್ಟುವ ತೊಂದರೆಯೂ ಇಲ್ಲ. "ಕದದ ಕೆಳಗಿನ ಅಂಚಿನಲ್ಲಿ ಸಣ್ಣ ಅಯಸ್ಕಾಂತವಿದೆ, ಗಾಳಿಗೆ ಕದ ಬಡಿದುಕೊಳ್ಳದಂತೆ ಅದು ಹಿಡಿದಿಡುತ್ತದೆ." ಈ ವಾಕ್ಯದಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಅನ್ನುವ ಗೊಂದಲ ನನಗಂತೂ ಕಾಣುತ್ತಿಲ್ಲ. ನಿಮಗೆ?

ಚೌಕಟ್ಟಿನಲ್ಲೂ ಇಂಥದೇ ಒಂದು ತೊಡಕು. ಸುಮ್ನೆ 'ಚೌಕಟ್ಟು' ಅಂದರೆ ಗೋಡೆಯಲ್ಲಿ ನಿಂತಿರುವ ದೊಡ್ಡ ಚೌಕಟ್ಟೇ ಅಂತ ತಿಳಿಯುವವರಿದ್ದಾರೆ. ಅದಕ್ಕೆ ಬಾಗಿಲವಾಡ ಅಂತಲೋ ದಾರಂದ ಅಂತಲೋ ಬೇರೆ ಪದ ಇರುವುದು ಅನುಕೂಲವಾಯಿತು. ದೊಡ್ಡದಕ್ಕೆ ಬಾಗಿಲವಾಡ, ಕಿಂಡಿಯ ಸುತ್ತಲಿನದಕ್ಕೆ ಚೌಕಟ್ಟು.

ಈಗ ಇಡೀ ಸಾಧನಕ್ಕೆ ಹೆಸರು. ಎರಡು ಪದಗಳ ನಡುವೆ ನನ್ನ ಮನಸ್ಸು ತೂಗಾಡುತ್ತಿದೆ.

ಒಂದು, 'ದಿಡ್ಡಿ'. ಕೋಟೆಯ ಹೆಬ್ಬಾಗಿಲಲ್ಲಿ ಒಬ್ಬೊಬ್ಬರೇ ಬಗ್ಗಿ ಹೋಗಲಿಕ್ಕೆ ಒಂದು ಚಿಕ್ಕ ಬಾಗಿಲು ಇರುತ್ತದಲ್ಲ, ಅದು ದಿಡ್ಡಿ ಬಾಗಿಲು. ದೊಡ್ಡದನ್ನು ತೆರೆಯದೆ ಚಿಕ್ಕದರಲ್ಲಿ ಓಡಾಡುವುದು ಅನ್ನುವ ಕಲ್ಪನೆ ಪೂರ್ತಿಯಾಗಿ ಆ ಪದದಲ್ಲಿದೆ. ಬೆಕ್ಕಿಗೆ ನಾವು ಮಾಡಿಕೊಡುತ್ತಿರುವುದೂ ಅದೇ. ಅರ್ಥದ ದೃಷ್ಟಿಯಿಂದ ಇದನ್ನು ಮೀರಿಸುವ ಪದ ನನಗೆ ಸಿಕ್ಕಿಲ್ಲ. ತೊಂದರೆ ಬಳಕೆಯದು. ಹಿತ್ತಿಲ ಬಾಗಿಲಿಗೆ ದಿಡ್ಡಿ ಅನ್ನುವವರಿದ್ದಾರೆ. ಪದವನ್ನೇ ಕೇಳದವರೂ ಬಹಳ. ಅವಸರದಲ್ಲಿ ಓದುವವರು 'ದೊಡ್ಡಿ' ಅಂತ ಓದಿಬಿಟ್ಟರೆ ದನ ಕೂಡುವ ಜಾಗವಾಯಿತು.

ಇನ್ನೊಂದು, 'ಬೆಕ್ಕಿಂಡಿ'. ಬೆಳಕು ಮತ್ತು ಕಿಂಡಿ ಸೇರಿ ಬೆಳಕಿಂಡಿ ಆಗಿದೆಯಲ್ಲ, ಅದೇ ಜಾಡಿನಲ್ಲಿ ಬೆಕ್ಕು ಮತ್ತು ಕಿಂಡಿ. ಮಳೆ ಮತ್ತು ಕಾಲ ಸೇರಿ 'ಮಳೆಗಾಲ' ಆದ ಹಾಗೆ ಕಕಾರಕ್ಕೆ ಗಕಾರ ಬರಬೇಕಲ್ಲವೇ, 'ಬೆಕ್ಕುಗಿಂಡಿ' ಆಗಬೇಕಲ್ಲವೇ ಅಂತ ಸಂಧಿ ಬಲ್ಲವರು ಕೇಳಬಹುದು. ನಿಯಮಕ್ಕೆ ಅದು ಸರಿಯೇ. ಆದರೆ ಗಿಂಡಿ ಅಂದರೆ ಮೂತಿಯಿರುವ ಪಾತ್ರೆ. ಬೆಕ್ಕುಗಿಂಡಿ ಅಂದರೆ ಬೆಕ್ಕಿಗೆ ನೀರಿಡುವ ಪಾತ್ರೆ ಅಂದುಕೊಂಡರೆ ಓದುಗರನ್ನು ದೂರುವಂತಿಲ್ಲ. ಬೆಳಕಿಂಡಿಯ ದಾರಿಯೇ ಒಳ್ಳೆಯದು. ಚಿಕ್ಕದಾಗಿದೆ, ನಾಲಿಗೆಗೆ ಸುಲಭ, ಕೇಳಿದ ಕೂಡಲೇ ಅರ್ಥವಾಗುತ್ತದೆ. ಒಂದೇ ಅಡ್ಡಿ: ತೆರಪಿಗೂ ಕಿಂಡಿ, ಸಾಧನಕ್ಕೂ ಬೆಕ್ಕಿಂಡಿ ಅಂದರೆ ನಾನು ಮೊದಲು ಹೇಳಿದ ಅಳತೆಯ ಗೊಂದಲ ಹಿಂಬಾಗಿಲಿನಿಂದ ಮತ್ತೆ ಒಳಗೆ ಬರಬಹುದು.

ಬೇರೆ ಭಾಷೆಗಳು ಏನು ಮಾಡಿವೆ ಅಂತಲೂ ನೋಡಿದೆ. ಜರ್ಮನ್‌ನ 'ಕಾಟ್ಸೆನ್‌ಕ್ಲಾಪೆ' ಇಂಗ್ಲಿಷಿನ ಹಾಗೆ ತೂಗುವ ಹಲಗೆಯನ್ನೇ ಹಿಡಿದು ಹೆಸರಿಟ್ಟಿದೆ. ಫ್ರೆಂಚ್‌ನ 'ಶಾತಿಯೇರ್', ಸ್ಪ್ಯಾನಿಷ್‌ನ 'ಗತೇರಾ' ಎರಡರಲ್ಲೂ ಹಲಗೆಯ ಮಾತೇ ಇಲ್ಲ, ಬೆಕ್ಕಿನ ಹೆಸರಿನಿಂದಲೇ ಹುಟ್ಟಿದ ಪದಗಳವು. ಫ್ರೆಂಚರು ಛಾವಣಿಯಲ್ಲಿ ಗಾಳಿಗೆ ಬಿಡುವ ಕಿಂಡಿಗೂ, ಗುಹೆಯಲ್ಲಿ ತೆವಳಿ ದಾಟಬೇಕಾದ ಇಕ್ಕಟ್ಟಿನ ಜಾಗಕ್ಕೂ ಅದೇ ಪದ ಬಳಸುತ್ತಾರೆ. ಹಿಂದೆ ಕದವೇ ಇಲ್ಲದ ಬರೀ ತೆರಪುಗಳೂ ಇದ್ದವು. ಇಂಗ್ಲೆಂಡಿನ ಎಕ್ಸೆಟರ್ ಕಥೀಡ್ರಲ್‌ನಲ್ಲಿ ಖಗೋಳ ಗಡಿಯಾರದ ಕೆಳಗಿನ ಬಾಗಿಲಲ್ಲಿ ಅಂಥದ್ದೊಂದು ಈಗಲೂ ಇದೆ. ಬಿಷಪ್ ವಿಲಿಯಂ ಕಾಟನ್ 1598ರ ಸುಮಾರಿಗೆ ತನ್ನ ಬೆಕ್ಕಿಗಾಗಿ ಬಡಗಿಗಳಿಂದ ಮಾಡಿಸಿದ್ದು. ಹಾಗಾಗಿ ಕಿಂಡಿಯನ್ನು ಹಿಡಿದು ಹೆಸರಿಡುವುದು ಅಷ್ಟೇನೂ ವಿಚಿತ್ರವಲ್ಲ.

ಹೆಸರಿಗಿಂತ ಕ್ರಿಯಾಪದವೇ ಹೆಚ್ಚು ಎಚ್ಚರ ಬೇಡುತ್ತದೆ. ಬಾಗಿಲು ಅಂತ ಬಂದ ಕೂಡಲೇ 'ಹಾಕು', 'ತೆಗೆ' ಎರಡೂ ಜಾರುತ್ತವೆ. "ಬೆಕ್ಕಿನ ಬಾಗಿಲು ಹಾಕಿದ್ದೇವೆ" ಅಂದರೆ ಹೊಸದಾಗಿ ಹಾಕಿಸಿದಿರೋ, ಇದ್ದದ್ದನ್ನು ಮುಚ್ಚಿದಿರೋ? "ಬಾಗಿಲು ತೆಗೆಯಿರಿ" ಅಂದರೆ ತೆರೆಯಬೇಕೋ, ಕೀಲಿನಿಂದ ಬಿಚ್ಚಿ ಕೆಳಗಿಳಿಸಬೇಕೋ? ಎರಡನೆಯದು ಕೈಪಿಡಿಯಲ್ಲಿ ನಿಜವಾಗಿಯೂ ಬರುತ್ತದೆ, ಯಾಕೆಂದರೆ ಬಾಗಿಲನ್ನು ಇಳಿಸಿ ಮಲಗಿಸಿಕೊಂಡು ಕೊಯ್ದರೆ ಗೆರೆ ನೇರ ಬರುತ್ತದೆ. ಅಲ್ಲಿ "ಕೀಲಿನಿಂದ ಬಿಚ್ಚಿ ಇಳಿಸಿ" ಅಂತ ಬಿಡಿಸಿ ಬರೆದಿದ್ದೇನೆ. ಹೊಸದಾಗಿ ಇಡುವುದಕ್ಕೆ 'ಕೂರಿಸು'. 'ಅಳವಡಿಸು' ತಪ್ಪಲ್ಲ, ಆದರೆ ಬಡಗಿಗಳ ಬಾಯಲ್ಲಿ ಬರುವುದು ಕೂರಿಸುವ ಮಾತೇ. ಚೌಕಟ್ಟು ಕೂತಿತು ಅಂದರೆ ಬರೀ ಜೋಡಿಸಿದ್ದಲ್ಲ, ಸಂದಿಲ್ಲದೆ, ಅಲುಗಾಡದೆ ಸರಿಯಾಗಿ ಹೊಂದಿಕೊಂಡಿತು ಅನ್ನುವ ಅರ್ಥವೂ ಸೇರಿಕೊಳ್ಳುತ್ತದೆ.

ಬೀಗದ ವಿಷಯದಲ್ಲಿ ನಿಮ್ಮ ಸಲಹೆ ಖಂಡಿತ ಬೇಕು. ಎಷ್ಟೋ ಮಾದರಿಗಳಲ್ಲಿ ಒಂದು ತಿರುಗಿಸುವ ಗುಂಡಿ ಇರುತ್ತದೆ, ಅದಕ್ಕೆ ನಾಲ್ಕು ನೆಲೆ. ನಾನು ಬರೆದುಕೊಂಡಿರುವುದು: ಒಳಕ್ಕೆ ಮಾತ್ರ, ಹೊರಕ್ಕೆ ಮಾತ್ರ, ಎರಡೂ ಕಡೆಗೆ, ಪೂರ್ತಿ ಬಂದ್. ಇದನ್ನು 'ಬೀಗ' ಅಂದರೆ ಓದುವವರು ಕೀಲಿಕೈ ಹುಡುಕುತ್ತಾರೆ. 'ಚಿಲಕ' ಅಂದರೆ ಕೈಯಿಂದ ಹಾಕಿ ತೆಗೆಯುವ ಕೊಂಡಿಯ ಚಿತ್ರ ಬರುತ್ತದೆ. ಅಡ್ಡ ಬಂದು ಕದವನ್ನು ತಡೆಯುವುದು ಅನ್ನುವ ಅರ್ಥಕ್ಕೆ 'ಅಗುಳಿ' ಹತ್ತಿರ. ಚಿಪ್ ಗುರುತಿಸುವ ಮಾದರಿಗಳಲ್ಲೂ ಇದೇ ಪದ ಚೆನ್ನಾಗಿ ಕೂರುತ್ತದೆ. ಬೆಕ್ಕಿನ ಹೆಗಲ ಬಳಿ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಇಟ್ಟಿರುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ. ಬೆಕ್ಕು ತಲೆ ತೂರಿಸಿದಾಗ ಚೌಕಟ್ಟಿನಿಂದ ಹೊರಡುವ ರೇಡಿಯೋ ಅಲೆಯಿಂದಲೇ ಅದು ಎಚ್ಚೆತ್ತು ತನ್ನ 15 ಅಂಕಿಗಳ ಸಂಖ್ಯೆ ಹೇಳುತ್ತದೆ. ಸಂಖ್ಯೆ ತನ್ನ ಪಟ್ಟಿಯಲ್ಲಿದ್ದರೆ ಸಾಧನ ಅಗುಳಿ ಬಿಡುತ್ತದೆ. "ಚಿಪ್ ಅನ್ನು ಓದುತ್ತದೆ" ಅನ್ನುವುದಕ್ಕಿಂತ "ಗುರುತು ಹಿಡಿದು ಅಗುಳಿ ಬಿಡುತ್ತದೆ" ನನಗೆ ಹೆಚ್ಚು ಕನ್ನಡ ಅನಿಸುತ್ತದೆ.

ಎಚ್ಚರಿಕೆಯ ಮಾತುಗಳಲ್ಲಿ ಪದದ ಸೊಗಸಿಗಿಂತ ಸ್ಪಷ್ಟತೆ ಮುಖ್ಯ ಅಂತ ಬಿಡಿಸಿಯೇ ಬರೆದಿದ್ದೇನೆ. ಬೆಂಕಿ ತಡೆಯಲೆಂದೇ ಮಾಡಿದ ಬಾಗಿಲನ್ನು ಕೊಯ್ಯಬಾರದು, ಕೊಯ್ದರೆ ಅದರ ಕೆಲಸವೇ ಕೆಟ್ಟಿತು. ಕಾಯಿಸಿ ಗಟ್ಟಿ ಮಾಡಿದ ಗಾಜನ್ನು ಆಮೇಲೆ ಕೊರೆಯಲಿಕ್ಕೆ ಬರುವುದಿಲ್ಲ, ಚೂರುಚೂರಾಗುತ್ತದೆ. ಕಿಂಡಿ ಇರುವ ಹೊಸ ಗಾಜನ್ನೇ ಮಾಡಿಸಬೇಕು. ಒಳಗೆ ಪೊಳ್ಳಿರುವ ಬಾಗಿಲಾದರೆ ಕೊಯ್ದ ಅಂಚಿನ ಸುತ್ತ ಒಳಗಡೆ ಮರದ ಪಟ್ಟಿ ಕೊಡಬೇಕು, ಇಲ್ಲದಿದ್ದರೆ ಸ್ಕ್ರೂ ಬಿಗಿದಾಗ ಬಾಗಿಲು ಒಳಕ್ಕೆ ಅದುಮಿಕೊಳ್ಳುತ್ತದೆ. ಕಿಂಡಿಯಿಂದ ಕೈ ತೂರಿಸಿದರೆ ದೊಡ್ಡ ಬಾಗಿಲಿನ ಚಿಲಕ ಸಿಗುವಂತಿರಬಾರದು. ಹೊರಗಿನ ನೆಲ ಒಳಗಿನದಕ್ಕಿಂತ ತಗ್ಗಾಗಿದ್ದರೆ ಎರಡೂ ಕಡೆಯಿಂದ ಅಳೆಯಬೇಕು. ಇಲ್ಲಿ 'ಪೊಳ್ಳು ಬಾಗಿಲು' ಅಂದರೆ ಕಳಪೆ ಬಾಗಿಲು ಅಂತ ಯಾರಾದರೂ ತಿಳಿಯುವರೇ ಅನ್ನುವುದೊಂದು ಅನುಮಾನ. 'ಟೊಳ್ಳು' ಮೇಲೋ?

ಕೊನೆಯದಾಗಿ, ನನಗೆ ಪದವೇ ಸಿಗದ ಒಂದು ಭಾಗ. ಬಾಗಿಲಿನ ಬದಲು ಗೋಡೆಯಲ್ಲಿ ಕೂರಿಸುವಾಗ, ಗೋಡೆಯ ದಪ್ಪದಷ್ಟು ಉದ್ದಕ್ಕೆ ಒಂದರ ಹಿಂದೊಂದು ಜೋಡಿಸುವ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಕದದಿಂದ ಆಚೆ ಬದಿಯವರೆಗೆ ಬೆಕ್ಕು ಇದರೊಳಗೆ ನಡೆದು ಹೋಗುತ್ತದೆ. ಸುರಂಗ ಅಂದರೆ ತೀರಾ ದೊಡ್ಡದಾಯಿತು. ಕೊಳವೆ ಅಂದರೆ ದುಂಡಗಿರಬೇಕು, ಇದು ಚೌಕ. ಗೂಡು ಗೋಡೆಯಲ್ಲೇನೋ ಇರುತ್ತದೆ, ಆದರೆ ಆಚೆಗೆ ದಾಟುವುದಿಲ್ಲ. ಸಂದಿ ಅಂದರೆ ತಾನಾಗಿ ಬಿಟ್ಟುಕೊಂಡ ಬಿರುಕಿನಂತೆ ಕೇಳುತ್ತದೆ. ಬಡಗಿ ಕೆಲಸ, ಗಾರೆ ಕೆಲಸ ಬಲ್ಲವರು ನಿಮ್ಮಲ್ಲಿದ್ದರೆ, ಗೋಡೆಯ ಈ ಬದಿಯಿಂದ ಆ ಬದಿಗೆ ಹಾಯುವ ಚೌಕ ತೆರಪಿಗೆ ಕೆಲಸದ ಜಾಗದಲ್ಲಿ ಏನನ್ನುತ್ತಾರೆ ಅಂತ ದಯವಿಟ್ಟು ತಿಳಿಸಿ. ಜೊತೆಗೆ ಬೆಕ್ಕಿಂಡಿಯೋ, ದಿಡ್ಡಿಯೋ ಅನ್ನುವುದನ್ನೂ ಹೇಳಿ.