ಸಹಾಯ ಬೇಕು: ಕಾರ್ಕಳದ ಗೊಮ್ಮಟ ಬೆಟ್ಟ ತೋರಿಸಲು ಮಾರ್ಗದರ್ಶಕರು

ಸದಸ್ಯರೆಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಉಡುಪಿಗೆ ಬರಲಿರುವ ನನ್ನ ಅತ್ತೆ-ಮಾವನವರನ್ನು ಅರ್ಧ ದಿನದ ಮಟ್ಟಿಗೆ ಕಾರ್ಕಳದ ಗೊಮ್ಮಟ ಬೆಟ್ಟಕ್ಕೆ ಕರೆದೊಯ್ಯಬೇಕೆಂದಿದ್ದು, ಸ್ಥಳದ ಇತಿಹಾಸ ಬಲ್ಲ, ಕನ್ನಡದಲ್ಲಿ ನಿಧಾನವಾಗಿ ವಿವರಿಸುವ ಮಾರ್ಗದರ್ಶಕರು ಬೇಕಾಗಿದ್ದಾರೆ. 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ ಸುಮಾರು 42 ಅಡಿಯ ಬಾಹುಬಲಿಯ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗಿದರೆ ಸಾಲದು ಎಂಬುದು ನನ್ನ ಭಾವನೆ. ಮೂರ್ತಿಯ ಬಳಿಯ ಶಾಸನದಲ್ಲಿ ಏನಿದೆಯೆಂದು ತಿಳಿಸಿ, ಎದುರಿನ ಚಿಕ್ಕ ಬೆಟ್ಟದ ಮೇಲೆ 1586ರಲ್ಲಿ ಕಟ್ಟಿದ, ನಾಲ್ಕೂ ದಿಕ್ಕಿನಿಂದ ಒಂದೇ ರೀತಿ ಕಾಣುವ ಚತುರ್ಮುಖ ಬಸದಿಯನ್ನೂ ತೋರಿಸುವವರು ಸಿಕ್ಕರೆ ದೊಡ್ಡ ಉಪಕಾರವಾಗುತ್ತದೆ. ಮಾವನವರಿಗೆ ಮಂಡಿನೋವಿರುವುದರಿಂದ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಏರುವುದು ಕಷ್ಟ. ವಾಹನ ಈಗ ಎಲ್ಲಿಯವರೆಗೆ ಹೋಗುತ್ತದೆ, ಕಲ್ಲು ಕಾಯುವ ಮುನ್ನ ಬರಿಗಾಲಲ್ಲಿ ಸುತ್ತಿ ಬರಲು ಎಷ್ಟು ಹೊತ್ತಿಗೆ ಅಲ್ಲಿರಬೇಕು, ಮಾರ್ಗದರ್ಶಕರಿಗೆ ಎಷ್ಟು ಕೊಡುವುದು ನ್ಯಾಯ ಎಂಬುದನ್ನು ಇತ್ತೀಚೆಗೆ ಹೋಗಿಬಂದವರು ದಯವಿಟ್ಟು ತಿಳಿಸಿ.